ಹದಿನೆಂಟನೇ ಹೆಸರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮನೆಯವರು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇರಲಿ, ಸುಳ್ಳೇನಲ್ಲ. ಆದರೆ ನನ್ನ ಕೆಲಸವನ್ನು ಒಂದೇ ಒಂದು ವಾರ ಮಾಡಿ, ಸಿಟ್ಟು ಮಾಡಿಕೊಳ್ಳದೆ ಮನೆಗೆ ಬಂದವರು ಯಾರಾದರೂ ಇದ್ದರೆ ತೋರಿಸಿ, ಅವರ ಕಾಲಿಗೆ ಬೀಳುತ್ತೇನೆ.

ಕೆಲಸ ಏನೆಂದರೆ, ಸೇಬು ಕೀಳುವುದಕ್ಕೆ ಜನ ಹೊಂದಿಸುವುದು. ನ್ಯೂಜಿಲೆಂಡಿನ ನೆಲ್ಸನ್ನಿನಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಗ್ರೇಯಮ್‌ನ ತೋಟ. ಫೆಬ್ರವರಿಯಲ್ಲಿ ಹಣ್ಣು ಬಣ್ಣ ತಿರುಗಿತು ಎಂದರೆ ಏಪ್ರಿಲ್ ಕಳೆಯುವವರೆಗೆ ಉಸಿರಾಡಲು ಬಿಡುವಿಲ್ಲ. ಮರ ಯಾರಿಗೂ ಕಾಯುವುದಿಲ್ಲ. ಕೀಳಲು ಮೊದಲು ಈ ದೇಶದವರನ್ನೇ ಹುಡುಕಬೇಕು, ಅದು ಸರ್ಕಾರದ ನಿಯಮ. ಹುಡುಕುತ್ತೇನೆ. ಜಾಹೀರಾತು ನೋಡಿ ಮೂವರು ಬರುತ್ತಾರೆ. ಒಬ್ಬ ಮೊದಲ ದಿನ ಊಟಕ್ಕೆ ಎಂದು ಹೋದವನು ವಾಪಸು ಬರುವುದಿಲ್ಲ. ಇನ್ನೊಬ್ಬನಿಗೆ ಏಣಿ ಹತ್ತಿದರೆ ತಲೆಸುತ್ತು. ಮೂರನೆಯವನು ಒಳ್ಳೆಯವನೇ, ಆದರೆ ಅವನಿಗೆ ಹಣ್ಣಿಗಿಂತ ಮೀನಿನ ಮೇಲೆ ಪ್ರೀತಿ ಜಾಸ್ತಿ, ಬಿಸಿಲು ಬಂದ ದಿನ ದೋಣಿ ಎಳೆದುಕೊಂಡು ಸಮುದ್ರಕ್ಕೆ ಹೋಗುತ್ತಾನೆ.

ಆದ್ದರಿಂದ ವರ್ಷಾವರ್ಷ ಪೆಸಿಫಿಕ್ ಸಾಗರದ ವನುವಾಟು ದೇಶದ ಒಂದು ಸಣ್ಣ ದ್ವೀಪದ ಒಂದೇ ಊರಿನಿಂದ ಹದಿನೆಂಟು ಹೆಂಗಸರನ್ನು ಕರೆಸುತ್ತೇವೆ. ಏಳು ತಿಂಗಳ ವೀಸಾ. ಅವರಿಗೆ ಮನೆ, ಹಾಸಿಗೆ, ಹೀಟರು, ಗಮ್‌ಬೂಟು, ಹಲ್ಲು ನೋವು ಬಂದರೆ ಡಾಕ್ಟರು, ಭಾನುವಾರ ಚರ್ಚಿಗೆ ವ್ಯಾನು, ಎಲ್ಲ ನನ್ನ ತಲೆಯ ಮೇಲೆ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಎಚ್‌ಆರ್ ಆಗಿದ್ದವಳು ನಾನು. ಯೂನಿಯನ್ ಲೀಡರುಗಳನ್ನೇ ಅಳಿಸಿದ್ದೇನೆ. ಈ ತೋಟದಲ್ಲಿ ಎಲ್ಲರೂ ನನ್ನನ್ನು ಮೇಡಂ ಅನ್ನುತ್ತಾರೆ, ಗ್ರೇಯಮ್ ಕೂಡ. ಅವನು ತಮಾಷೆಗೆ ಅನ್ನುತ್ತಾನೋ ಭಯಕ್ಕೋ ಇವತ್ತಿಗೂ ಗೊತ್ತಿಲ್ಲ.

ಯಾರು ಬರಬೇಕು ಎಂದು ಆರಿಸುವುದು ಮಾತ್ರ ನಾನಲ್ಲ, ಆ ಊರು. ಅಲ್ಲಿ ಒಂದು ಪದ್ಧತಿ ಇದೆ. ಹದಿನಾರು ಜನ ಹಳಬರು, ಇಬ್ಬರು ಹೊಸಬರು. ಹೊಸಬರು ಸರದಿಯ ಮೇಲೆ, ಈ ವರ್ಷ ಈ ಎರಡು ಮನೆ, ಮುಂದಿನ ವರ್ಷ ಆ ಎರಡು ಮನೆ. ಊರಿನ ಚೀಫ್ ಎಲ್ಲರನ್ನೂ ಕೂರಿಸಿಕೊಂಡು ತೀರ್ಮಾನ ಮಾಡುತ್ತಾನೆ. ಆಮೇಲೆ ಹೊಸಬರಿಬ್ಬರನ್ನು ನಾನು ವೀಡಿಯೊ ಕಾಲಿನಲ್ಲಿ ಮಾತಾಡಿಸಿ, ಫಾರಂ ತುಂಬಿ, ಸರಿ ಅನ್ನಬೇಕು. ಆರು ವರ್ಷದಿಂದ ಎಲ್ಲರಿಗೂ ಸರಿ ಅಂದಿದ್ದೆ. ಈ ಸಲ ಒಬ್ಬಳಿಗೆ ಇಲ್ಲ ಅಂದೆ.

ಅವಳ ಹೆಸರು ಮೇರಿಯನ್.

ಅಕ್ಟೋಬರ್‌ನ ಒಂದು ಬುಧವಾರ. ಆಫೀಸಿನ ಕಿಟಕಿಯಾಚೆ ಸೇಬಿನ ಮರಗಳು ಮೈತುಂಬ ಹೂ ಬಿಟ್ಟಿದ್ದವು. ಲ್ಯಾಪ್‌ಟಾಪಿನಲ್ಲಿ ಆ ಊರು ಕಾಣಿಸುತ್ತಿತ್ತು: ಒಂದು ಮಾವಿನ ಮರ, ಅದರ ಕೆಳಗೆ ಬೆಂಚು. ಸಿಗ್ನಲ್ಲು ಸಿಗುವುದು ಆ ಮರದ ಕೆಳಗೆ ಮಾತ್ರವಂತೆ. ಎಲ್ಸಿ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಎಲ್ಸಿ ನಮ್ಮ ಹಳಬರ ಗುಂಪಿನ ಮುಖ್ಯಸ್ಥೆ, ಇಂಗ್ಲಿಷು ಚೆನ್ನಾಗಿ ಬರುತ್ತದೆ, ಆರು ವರ್ಷದಿಂದ ನನ್ನ ಬೈಗುಳ ತಿಂದು ಅರಗಿಸಿಕೊಂಡವಳು. ಮೊದಲ ಹೊಸಬಳು ಪಟಪಟ ಉತ್ತರ ಕೊಟ್ಟು ಎದ್ದುಹೋದಳು. ಮೇರಿಯನ್ ಬಂದು ಕೂರುವ ಹೊತ್ತಿಗೆ ಎಲ್ಲೋ ಮಗು ಅತ್ತಿತು, ಎಲ್ಸಿ ತನ್ನ ಮಗುವೇ ಇರಬೇಕು ಎಂದು ಓಡಿದಳು.

ಮೇರಿಯನ್‌ಗೆ ಮೂವತ್ತೆರಡು ವರ್ಷ. ಎರಡು ಮಕ್ಕಳು. ಗಂಡ ಸರಕಿನ ಹಡಗಿನಲ್ಲಿ ಕೆಲಸ, ಮನೆಗೆ ಬರುವುದು ವರ್ಷಕ್ಕೆ ಎರಡು ಸಲ. ಎರಡು ವರ್ಷದ ಕೆಳಗೆ ಬಂದ ಚಂಡಮಾರುತದಲ್ಲಿ ಅವಳ ಮನೆಯ ಸೂರು ಹಾರಿಹೋಗಿತ್ತು. ಅಂದಿನಿಂದ ಟಾರ್ಪಾಲಿನ ಕೆಳಗೆ ಸಂಸಾರ. ಒಂದು ಸೀಸನ್ ಇಲ್ಲಿ ದುಡಿದರೆ ತಗಡಿನ ಸೂರು ಹಾಕಿಸಬಹುದು ಎಂದು ಎಲ್ಸಿ ಅರ್ಜಿಯ ಜೊತೆ ಬರೆದು ಕಳಿಸಿದ್ದಳು. ಸರದಿ ಈಗ ತಪ್ಪಿದರೆ ಮತ್ತೆ ಆ ಮನೆಗೆ ಬರುವುದಕ್ಕೆ ಆರು ವರ್ಷ. ಇದೆಲ್ಲ ನನ್ನ ಮುಂದೆ ಕಾಗದದ ಮೇಲಿತ್ತು. ಅವಳ ಪಕ್ಕದಲ್ಲಿ ಬಿಳಿ ಗಡ್ಡದ ಚೀಫ್ ಕೋಲು ಹಿಡಿದು ಕೂತಿದ್ದ. ಅವನೇ ಅವಳ ಮಾವ.

ತಕ್ಕಮಟ್ಟಿಗಿನ ಇಂಗ್ಲಿಷಿನಲ್ಲಿ ಹೆಸರು ಹೇಳಿದಳು. ವಯಸ್ಸು ಹೇಳಿದಳು. ಏಣಿ ಹತ್ತಲು ಭಯವೇ ಅಂದರೆ ತೆಂಗಿನ ಮರ ಹತ್ತುತ್ತೇನೆ ಎಂದು ನಕ್ಕಳು. ನನಗೆ ಹಿಡಿಸಿಬಿಟ್ಟಳು.

"ಸರಿ, ನಿನ್ನನ್ನು ಶಿಫಾರಸು ಮಾಡಿದವರು ಯಾರು? ಪೂರ್ತಿ ಹೆಸರು ಹೇಳು," ಅಂದೆ.

ಅವಳು ತಲೆ ತಗ್ಗಿಸಿದಳು.

ಆ ಹೆಸರು ನನಗೆ ಗೊತ್ತಿಲ್ಲದ್ದೇನಲ್ಲ. ಪಕ್ಕದಲ್ಲಿ ಕೂತವನದೇ. ಆದರೆ ಕೆಲಸಕ್ಕೆ ಬರುವವರು ಸ್ವಂತ ಬಾಯಿಂದ ಉತ್ತರ ಕೊಡಬೇಕು ಅನ್ನುವುದು ನಾನೇ ಮಾಡಿದ ನಿಯಮ. ಇರಲಿ ಎಂದು ಮುಂದಿನದಕ್ಕೆ ಹೋದೆ. "ಇಲ್ಲಿ ನಿನಗೇನಾದರೂ ಆದರೆ ನಾವು ಊರಲ್ಲಿ ಯಾರಿಗೆ ಫೋನ್ ಮಾಡಬೇಕು?" ಗಂಡ ಹಡಗಿನಲ್ಲಿ, ಅಂದಮೇಲೆ ಅದಕ್ಕೂ ಅದೇ ಮಾವ. ಮೇರಿಯನ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಮ್ಮೆ ಕೇಳಿದೆ. ಮಗ್ಗುಲಿಗೆ ತಿರುಗಿದಳು.

"ಮೇಡಂ, ಅದನ್ನು ನಾನು ಹೇಳುತ್ತೇನೆ," ಎಂದು ಚೀಫ್ ಬಾಯಿ ಹಾಕಿದ.

"ನಾನು ಕೇಳಿದ್ದು ನಿಮ್ಮನ್ನಲ್ಲ. ದಯವಿಟ್ಟು ಸುಮ್ಮನಿರಿ. ಅವಳೇ ಹೇಳಲಿ!"

ಹಾಗೆಯೇ ಅಂದೆ. ಎಪ್ಪತ್ತು ದಾಟಿದ ಮನುಷ್ಯನಿಗೆ, ಅವನ ಊರಲ್ಲೇ. ಅವನು ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನಾದ. ಮೇರಿಯನ್‌ಳ ಕಣ್ಣಲ್ಲಿ ನೀರು. ನನಗೆ ಎಲ್ಲ ಅರ್ಥವಾಗಿಹೋಯಿತು, ಅಂದರೆ ಅರ್ಥವಾಯಿತು ಎಂದುಕೊಂಡೆ. ಇದು ಬಲವಂತ. ಮಗ ಹಡಗಿನಲ್ಲಿ, ಸೊಸೆಯನ್ನು ದುಡಿಯಲು ಅಟ್ಟುತ್ತಿದ್ದಾನೆ ಈ ಮುದುಕ. ಅವನ ಎದುರಿಗೆ ಅವಳಿಗೆ ಬಾಯಿ ಬಿಡಲು ಹೆದರಿಕೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ನಮ್ಮಜ್ಜಿಯ ಕಾಲದ ಮಾತು, ಎಚ್‌ಆರ್‌ನಲ್ಲಿ ಅದು ನಡೆಯುವುದಿಲ್ಲ. ಫಾರಂನ ಕೊನೆಯ ಪ್ರಶ್ನೆ 'ಸ್ವಂತ ಇಷ್ಟದಿಂದ ಬರುತ್ತಿದ್ದಾರೆಯೇ' ಎಂಬುದು. ಅದನ್ನು ಕೇಳುವ ಮೊದಲೇ 'ಇಲ್ಲ' ಎಂದು ಒತ್ತಿ ಕಾಲ್ ಮುಗಿಸಿದೆ. ಬೇರೆ ಹೆಸರು ಕಳಿಸಿ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ, ಎಂದು ಎಲ್ಸಿಗೆ ಮೆಸೇಜು ಹಾಕಿದೆ.

ಒಂದು ಹೆಣ್ಣಿನ ಪರ ನಿಂತೆ ಅಂತ ನನಗೆ ಅವತ್ತು ಎಂಥ ಹೆಮ್ಮೆ! ಸಂಜೆ ಹುಳಿಗೆ ಒಗ್ಗರಣೆ ಹಾಕುತ್ತ ನಮ್ಮನೆಯವರಿಗೆ ಪೂರ್ತಿ ಕಥೆ ಹೇಳಿದೆ. ಅವರು ನೆಲ್ಸನ್ ಕೌನ್ಸಿಲ್ಲಿನಲ್ಲಿ ನೀರಿನ ಪೈಪುಗಳ ಎಂಜಿನಿಯರು. ಪೈಪು ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗದೆ ನೆಲ ಅಗೆಯುವ ಜಾತಿಯಲ್ಲ.

"ಅಲ್ಲಾ, ಆ ಹುಡುಗೀನ ಒಂದ್ಸಲ ಒಬ್ಬಳನ್ನೇ ಕೂರಿಸಿ ಕೇಳ್ಬೋದಿತ್ತಲ್ವಾ?" ಅಂದರು.

"ನಿಮಗೇನ್ರೀ ಗೊತ್ತು? ಅವಳ ಮುಖ ನೋಡಿದ್ದು ನಾನೋ ನೀವೋ?"

"ಮುಖ ನೀನೇ ನೋಡಿದ್ದು. ಆದ್ರೆ ಸೂರು ಇಲ್ದೇ ಇರೋದು ಅವಳಿಗೆ."

ಅನ್ನದ ಪಾತ್ರೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ಅವರು ಹುಳಿ ಚೆನ್ನಾಗಿದೆ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಗುರುವಾರ ಎಲ್ಸಿಯ ಮೆಸೇಜು ಬಂತು. ಮೇರಿಯನ್ ಅಳುತ್ತಿದ್ದಾಳೆ, ಚೀಲ ಆಗಲೇ ಕಟ್ಟಿಟ್ಟಿದ್ದಾಳೆ, ಅಷ್ಟೇ. ಬೇರೆ ಹೆಸರಿನ ಸುದ್ದಿಯಿಲ್ಲ. ಶುಕ್ರವಾರ ಪಟ್ಟಿ ಬಂತು. ಹದಿನೇಳು ಹೆಸರುಗಳು. ಹದಿನೆಂಟನೇ ಸಾಲಿನಲ್ಲಿ ಅಂಕಿ ಮಾತ್ರ ಇತ್ತು, ಮುಂದೆ ಖಾಲಿ. ಎಲಾ ಇವರ ಹಟವೇ! ನನ್ನ ಹತ್ತಿರವೇ ಆಟವೇ? ಪಟ್ಟಿ ಹಿಡಿದುಕೊಂಡು ಗ್ರೇಯಮ್‌ನ ಹತ್ತಿರ ಹೋದೆ. ಅವನು ತನ್ನ ಯೂಟ್ ಟ್ರಕ್ಕಿನ ಹಿಂಬದಿಯಲ್ಲಿ ನಾಯಿಯ ಜೊತೆ ಕೂತು ಪೈ ತಿನ್ನುತ್ತಿದ್ದ. ಸೋಮವಾರ ಹತ್ತಕ್ಕೆ ವೀಸಾ ಆಫೀಸಿಗೆ ಕಳಿಸಲೇಬೇಕು ಮೇಡಂ, ಹದಿನೇಳಾದರೆ ಹದಿನೇಳೇ, ಒಂದು ಜಾಗಕ್ಕೆ ದೇಶ ಸುತ್ತಲು ಬಂದ ಬ್ಯಾಕ್‌ಪ್ಯಾಕರ್ ಯಾರಾದರೂ ಸಿಗುತ್ತಾರೆ ಅಂದ. ಅವನದು ಅಷ್ಟೇ, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನ ಪಾಲಿನದನ್ನೂ ನಾನೇ ಕೆಡಿಸಿಕೊಳ್ಳುತ್ತೇನೆ.

ಶನಿವಾರ ಕೃತಿಯ ಸೀಮಂತ. ಕೃತಿ ಬೆಂಗಳೂರಿನ ಹುಡುಗಿ, ಅವಳ ಗಂಡ ಆದರ್ಶ್ ಧಾರವಾಡದವನು. ಇಬ್ಬರೂ ಇಲ್ಲಿಗೆ ಓದಲು ಬಂದು, ಫ್ಲ್ಯಾಟ್‌ಮೇಟ್‌ಗಳಾಗಿ ಪಾತ್ರೆ ತೊಳೆಯುವ ಸರದಿಗಾಗಿ ಜಗಳವಾಡಿ, ಕೊನೆಗೆ ಮದುವೆಯಾದವರು. ನೆಲ್ಸನ್ ಸುತ್ತಮುತ್ತ ಇರುವುದೇ ಹದಿಮೂರು ಕನ್ನಡದ ಮನೆ, ಹದಿಮೂರೂ ಅಲ್ಲಿ ಸೇರಿದ್ದವು. ಹಸಿರು ಬಳೆ, ಕೋಸಂಬರಿ, ಬೋಂಡಾ, ಆಕ್ಲೆಂಡಿನಿಂದ ಕೊರಿಯರ್‌ನಲ್ಲಿ ತರಿಸಿದ ಮಲ್ಲಿಗೆ. ಆದರ್ಶನ ತಾಯಿ ಬಾಣಂತನಕ್ಕೆಂದು ಊರಿನಿಂದ ಬಂದಿದ್ದರು. ಎಲ್ಲರೂ ಅವರನ್ನು ಅವ್ವಾರು ಅನ್ನುತ್ತಿದ್ದರು. ಆರತಿ ಮುಗಿದು ಕೃತಿ ಒಳಗೆ ಹೋಗಬೇಕು, ಅಷ್ಟರಲ್ಲಿ ಅವ್ವಾರು ಬಾಗಿಲಿಗೆ ಅಡ್ಡ ಕೈ ಇಟ್ಟರು.

"ಗಂಡನ ಹೆಸರ ಹೇಳಿ ಒಳಗ ಹೋಗವಾ."

"ಆದರ್ಶ್!" ಎಂದು ಕೃತಿ ಕೂಗಿದಳು. ಅಡುಗೆಮನೆಯಿಂದ ಅವನು "ವಾಟ್?" ಎಂದು ಓಡಿಬಂದ. ಮನೆಯೆಲ್ಲ ನಗು.

"ಅಯ್ಯ, ಇದೇನ ಹೆಸರ ಹೇಳೂದು! ಇದು ಎಮ್ಮಿ ಕರದಂಗ ಆತು. ಒಡಪು ಕಟ್ಟಿ ಹೇಳಬೇಕು," ಎಂದು ಅವ್ವಾರು ಸೊಂಟಕ್ಕೆ ಸೆರಗು ಸಿಕ್ಕಿಸಿ ತಾವೇ ಶುರು ಮಾಡಿದರು. "ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ, ಚನ್ನಬಸಪ್ಪನವರ ಸಿಟ್ಟು ಸಂಜಿ ತನಕ!"

ಚಪ್ಪಾಳೆ ಬಿತ್ತು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. "ವಿಜಯಾ ಬಾಯಾರ, ಈಗ ನಿಮ್ಮ ಪಾಳಿ."

"ಅಯ್ಯೋ, ನಮ್ಮ ಮೈಸೂರು ಕಡೆ ಒಡಪು ಗಿಡಪು ಇಲ್ಲಾರೀ."

"ಒಡಪು ಬ್ಯಾಡ ಬಿಡ್ರಿ. ಬರೇ ಹೆಸರ ಹೇಳ್ರಿ, ಸಾಕು."

ಅದೇನು ದೊಡ್ಡ ವಿಷಯ ಎಂದು ಬಾಯಿ ತೆರೆದೆ. ಇಪ್ಪತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಹಾಲ್‌ನ ಮೂಲೆಯಲ್ಲಿ ನಮ್ಮನೆಯವರು ಬೋಂಡಾ ಹಿಡಿದುಕೊಂಡು ನೋಡುತ್ತಿದ್ದರು. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ. ಮರೆತದ್ದಲ್ಲ. ಆ ಹೆಸರನ್ನು ಪಾಸ್‌ಪೋರ್ಟಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಕಾಗದಗಳಲ್ಲಿ ಸಾವಿರ ಸಲ ಬರೆದಿದ್ದೇನೆ. ಬಾಯಿಬಿಟ್ಟು ಒಂದು ಸಲವಾದರೂ ಹೇಳಿದ್ದೇನೆಯೇ? ಡಾಕ್ಟರ ಹತ್ತಿರ 'ಮೈ ಹಸ್ಬೆಂಡ್'. ಗ್ರೇಯಮ್‌ನ ಹತ್ತಿರವೂ ಅದೇ. ಅವರಪ್ಪ ಅಮ್ಮನ ಹತ್ತಿರ 'ಇವರು'. ಅವರ ಹತ್ತಿರ 'ರೀ'. ಇಪ್ಪತ್ತೇಳು ವರ್ಷದ ಸಂಸಾರ! ಮುಖ ಬಿಸಿಯಾಗಿ, ನನ್ನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು.

"ನಾಚಿಕೀ ನೋಡ್ರಿ ಮೇಡಮ್ಮಗ!" ಎಂದು ಯಾರೋ ಕೂಗಿದರು. ಎಲ್ಲರೂ ನಗುತ್ತಿದ್ದರು. ಅವ್ವಾರು ನನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡ್ರಿ. ನಮ್ಮವ್ವ ಗಂಡನ ಹೆಸರಷ್ಟ ಅಲ್ಲ, ಮಾವನ ಹೆಸರೂ ಹೇಳ್ತಿದ್ದಿಲ್ಲ. ಮಾವನ ಹೆಸರು ಬಸವಣ್ಣ ಅಂತ ಇತ್ತು. ಅದಕ್ಕ ಗುಡಿಯಾಗಿನ ಬಸವಣ್ಣಗೂ 'ದೊಡ್ಡ ದೇವ್ರು' ಅಂತಿದ್ಲು," ಅಂದರು.

ಮಾವನ ಹೆಸರು. ಬಾಯಿಯ ಮೇಲಿನ ಕೈಯನ್ನು ತೆಗೆದು ನೋಡಿಕೊಂಡೆ. ಬುಧವಾರ ಲ್ಯಾಪ್‌ಟಾಪಿನಲ್ಲಿ ಇದೇ ಕೈಯನ್ನು ನೋಡಿದ್ದೆ. ಅಯ್ಯೋ ವಿಜಯಾ, ನಿನ್ನ ಬಾಯಿಗಿಷ್ಟು ಬೆಂಕಿ ಬೀಳ, ಎಂಥ ಕೆಲಸ ಮಾಡಿದೆಯೇ!

ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ಹೋಗಿ ಎಲ್ಸಿಗೆ ಫೋನ್ ಮಾಡಿದೆ. ನಾಲ್ಕನೇ ಸಲಕ್ಕೆ ಸಿಕ್ಕಳು.

"ಎಲ್ಸಿ, ನಿಮ್ಮಲ್ಲಿ ಸೊಸೆ ಮಾವನ ಹೆಸರು ಹೇಳಬಾರದು ಅಂತ ಇದೆಯಾ?"

"ಇದೆಯಲ್ಲ ಮೇಡಂ. ಅದು ತಬು, ಮಾಡಬಾರದ್ದು. ಅವಳ ಬಾಯಲ್ಲಿ ಆ ಹೆಸರು ಬಂದರೆ ಅವನಿಗೆ ಅವಮಾನ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಗೊತ್ತಿದೆ ಅಂದುಕೊಂಡೆವು. ತಬು ಇಟ್ಟುಕೊಂಡವರು ನ್ಯೂಜಿಲೆಂಡಿಗೆ ಬೇಡ ಅಂತ ನಿಮ್ಮ ಹೊಸ ನಿಯಮ ಇರಬೇಕು ಅಂದುಕೊಂಡೆವು."

ನಾಳೆ ಎಲ್ಲರನ್ನೂ ಸೇರಿಸು, ಚೀಫ್‌ನನ್ನೂ ಕರೆ, ನಾನು ಮಾತಾಡಬೇಕು ಎಂದೆ. ಚರ್ಚು ಮುಗಿದ ಮೇಲೆ ಕೇಳಿ ನೋಡುತ್ತೇನೆ, ಆದರೆ ಮತ್ತೆ ಸುಮ್ಮನಿರು ಅನ್ನಿಸಿಕೊಳ್ಳುವುದಕ್ಕೆ ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ ಎಂದಳು ಎಲ್ಸಿ.

ಕಾರಿನಲ್ಲಿ ಮನೆ ಹತ್ತಿರ ಬಂದಾಗ, "ರೀ, ತಪ್ಪು ಮಾಡಿದೆ ಕಣ್ರೀ," ಎಂದು ಅತ್ತುಬಿಟ್ಟೆ. ಅವರು ಕಾರು ಪಕ್ಕಕ್ಕೆ ಹಾಕಿ ಎಲ್ಲ ಕೇಳಿಸಿಕೊಂಡರು. ನಾನು ಹೇಳಿರಲಿಲ್ವಾ ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಬಂದಿದ್ದರೆ ಅಲ್ಲೇ ಜಗಳವಾಗುತ್ತಿತ್ತು.

"ನಾಳೆ ಕ್ಷಮೆ ಕೇಳು. ಅದರಲ್ಲೇನಿದೆ?" ಅಂದರು.

ಅದರಲ್ಲೇನಿದೆಯಂತೆ! ನಾನು ಜನ್ಮದಲ್ಲಿ ಯಾರ ಹತ್ತಿರವೂ ಕ್ಷಮೆ ಕೇಳಿದವಳಲ್ಲ, ಅತ್ತೆಯ ಹತ್ತಿರವೂ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ಬೈಯುತ್ತಿದ್ದಳು. ಇಲ್ಲಿ ಕೊಯ್ದದ್ದು ಬೇರೆಯವರ ಮೂಗು.

ಭಾನುವಾರ ಮಧ್ಯಾಹ್ನ ಎರಡಾಯಿತು. ಅವರ ಗಡಿಯಾರ ನಮಗಿಂತ ಎರಡು ಗಂಟೆ ಹಿಂದೆ. ಎರಡೂವರೆಯಾಯಿತು. ಅಡುಗೆಮನೆಯ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಉಗುರು ಕಚ್ಚುತ್ತ ಕೂತಿದ್ದೆ. ಮೂರಕ್ಕೆ ಐದು ನಿಮಿಷ ಇರುವಾಗ ಪರದೆಯಲ್ಲಿ ಮಾವಿನ ಮರ ಬಂತು. ಮರದ ಕೆಳಗೆ ಊರಿಗೆ ಊರೇ ನೆರೆದಿತ್ತು. ನಡುವೆ ಬೆಂಚಿನ ಮೇಲೆ ಚೀಫ್. ಚರ್ಚಿನ ಬಿಳಿ ಅಂಗಿ, ಮೊಣಕಾಲ ನಡುವೆ ಕೋಲು. ಮೇರಿಯನ್ ಎಲ್ಲರಿಗಿಂತ ಹಿಂದೆ, ಮರಕ್ಕೆ ಒರಗಿ ಬೇರೆ ಕಡೆ ನೋಡುತ್ತ ನಿಂತಿದ್ದಳು.

ಎದ್ದು ನಿಂತೆ. ಕೂತು ಹೇಳುವುದು ಸರಿ ಅನ್ನಿಸಲಿಲ್ಲ.

"ಚೀಫ್, ಬುಧವಾರ ನಿಮ್ಮನ್ನು ಸುಮ್ಮನಿರಿ ಅಂದೆ. ನಿಮ್ಮ ಊರಲ್ಲಿ, ನಿಮ್ಮವರ ಎದುರಿಗೆ ಅಂದೆ. ತಪ್ಪಾಯಿತು. ಮೇರಿಯನ್, ನಿನ್ನನ್ನು ಹೇಳಬಾರದ್ದನ್ನು ಹೇಳು ಎಂದು ಮೂರು ಸಲ ಪೀಡಿಸಿದೆ. ತಪ್ಪಾಯಿತು. ನಿನ್ನನ್ನು ಬಲವಂತವಾಗಿ ಕಳಿಸುತ್ತಿದ್ದಾರೆ ಎಂದು ನಾನೇ ಕಲ್ಪಿಸಿಕೊಂಡೆ."

ಎಲ್ಸಿ ಅದನ್ನು ಅವರ ಭಾಷೆಯಲ್ಲಿ ಹೇಳಿದಳು.

"ನಮ್ಮ ದೇಶದಲ್ಲೂ ಇದು ಇದೆ," ಎಂದು ಮುಂದುವರಿಸಿದೆ. "ನಮ್ಮ ಹೆಂಗಸರೂ ಮಾವನ ಹೆಸರು, ಗಂಡನ ಹೆಸರು ಹೇಳುತ್ತಿರಲಿಲ್ಲ. ಹಳೆಯ ಕಾಲದ್ದು, ಹೋಯಿತು ಅಂದುಕೊಂಡಿದ್ದೆ. ನಿನ್ನೆ ಒಂದು ಮನೆಯಲ್ಲಿ ನನ್ನ ಗಂಡನ ಹೆಸರು ಕೇಳಿದರು. ನನಗೂ ಬರಲಿಲ್ಲ."

ಚೀಫ್ ತಲೆ ಎತ್ತಿದ. "ಏನು ನಿನ್ನ ಗಂಡನ ಹೆಸರು?" ಎಂದು ಇಂಗ್ಲಿಷಿನಲ್ಲೇ ಕೇಳಿದ.

ಪರೀಕ್ಷೆ! ನಾನು ಇನ್ನೊಬ್ಬರಿಗೆ ಮಾಡಿದ್ದೇ ನನಗೆ. ಎರಡು ಸಲ ಹೇಳಲು ನೋಡಿದೆ. ಆಗಲಿಲ್ಲ.

"ರೀ! ಸ್ವಲ್ಪ ಬನ್ನಿ ಇಲ್ಲಿ!"

ನಮ್ಮನೆಯವರು ಪಂಚೆ, ಬನಿಯನ್ನು, ಕೈಯಲ್ಲಿ ಕಾಫಿ ಲೋಟ, ಹಾಗೆಯೇ ಬಂದರು.

"ನಿಮ್ಮ ಹೆಸರು ಹೇಳಿ."

"ಯಾಕೆ?"

"ಹೇಳೀಂದ್ರೆ ಹೇಳಿ, ಯಾಕೆ ಗೀಕೆ ಎಲ್ಲ ಆಮೇಲೆ."

ಅವರು ಪರದೆಯಲ್ಲಿದ್ದ ಅಷ್ಟು ಜನರನ್ನು ನೋಡಿ, ಪಂಚೆ ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನಂತೆ ನೆಟ್ಟಗೆ ನಿಂತು, "ಕೇಶವಮೂರ್ತಿ," ಅಂದರು.

ಮೊದಲು ನಕ್ಕದ್ದು ಮೇರಿಯನ್. ಮರ ಬಿಟ್ಟು ಮುಂದೆ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೆಂಗಸರು, ಮಕ್ಕಳು, ಕೊನೆಗೆ ಚೀಫ್. ಅವನ ನಗು ಕೆಮ್ಮಿನಲ್ಲಿ ಮುಗಿಯಿತು. ಯಾರೋ ನೀರು ಕೊಟ್ಟರು.

"ಹದಿನೆಂಟನೇ ಹೆಸರು ಕಳಿಸಲಿಲ್ಲ ಎಂದು ನಿನಗೆ ಕೋಪ ಬಂದಿರಬೇಕು," ಎಂದ ಅವನು ಬಾಯಿ ಒರೆಸಿಕೊಂಡು. "ಆ ಸರದಿ ಅವಳ ಮನೆಯದು. ನೀನು ಬೇಡ ಅಂದರೆ ಆ ಜಾಗ ಖಾಲಿ ಇರುತ್ತದೆ. ಅಲ್ಲಿ ಬಂದು ಕೂರುವವರು ನಮ್ಮ ಊರಲ್ಲಿ ಯಾರೂ ಇಲ್ಲ. ನಾನು ಪಕ್ಕದ ಮನೆಗೆ ಹೋಗಿ ಕೇಳಿದೆ. ಅವರು ಬೈದು ಕಳಿಸಿದರು."

ನಾನು ಹಟ ಅಂದುಕೊಂಡದ್ದು ಇದು. ಆ ಪಕ್ಕದ ಮನೆಯ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಕೈಗೆ ಬಂದ ಅವಕಾಶವನ್ನು ಬೇಡ ಎಂದು ಬೈದು ಕಳಿಸಿದವಳು. ಅವಳ ಮನೆಯ ಸೂರಿನ ಕಥೆ ಏನೋ.

ಫಾರಂ ತೆರೆದೆ. "ಮೇರಿಯನ್, ನಿನ್ನನ್ನು ಶಿಫಾರಸು ಮಾಡಿದವರನ್ನು ತೋರಿಸು, ಸಾಕು." ಅವಳು ಗದ್ದ ಎತ್ತಿ ಬೆಂಚಿನ ಕಡೆ ತೋರಿಸಿದಳು. "ವಿಲ್ಲಿ ತಾರಿ," ಎಂದು ಚೀಫ್ ತನ್ನ ಹೆಸರನ್ನು ತಾನೇ ಹೇಳಿದ. ಬರೆದುಕೊಂಡೆ. ಆಪತ್ತಿಗೆ ಯಾರು ಎಂಬಲ್ಲಿಯೂ ಅದನ್ನೇ ಬರೆದೆ. ಕೊನೆಯ ಪ್ರಶ್ನೆ ಉಳಿಯಿತು.

"ನಿನ್ನ ಸ್ವಂತ ಇಷ್ಟದಿಂದ ಬರುತ್ತಿದ್ದೀಯಾ?"

ಎಲ್ಸಿ ಅನುವಾದ ಮಾಡುವ ಮೊದಲೇ ಮೇರಿಯನ್ ಫೋನಿನ ಹತ್ತಿರ ಬಂದು ಕೂತಳು. ಎಂಥ ಗಂಟಲು ಅವಳದು! "ಮಳೆ ಬಂದರೆ ನನ್ನ ಮಕ್ಕಳು ಮೂಲೆಯಲ್ಲಿ ನಿಂತು ನಿದ್ದೆ ಮಾಡುತ್ತವೆ. ನನಗೆ ಸೂರು ಬೇಕು. ಮಾವ ಬೇಡ, ಮಕ್ಕಳು ಚಿಕ್ಕವು, ಮುಂದಿನ ಸರದಿಗೆ ಹೋಗು ಅಂದ. ನಾನು ಅವನ ಜೊತೆ ಎರಡು ವಾರ ಮಾತು ಬಿಟ್ಟೆ. ಆಮೇಲೆ ಒಪ್ಪಿದ. ಬರುತ್ತೇನೆ ಮೇಡಂ, ನನ್ನ ಇಷ್ಟದಿಂದಲೇ ಬರುತ್ತೇನೆ."

ಬಲವಂತವಂತೆ, ಬಲವಂತ! ನಾಚಿಕೆಯಿಂದ ನನಗೆ ನಗು ಬಂತು. 'ಹೌದು' ಒತ್ತಲು ಬೆರಳು ಇಟ್ಟಿದ್ದೆ, ಅಷ್ಟರಲ್ಲಿ ಅವಳೇ ಕೇಳಿದಳು, "ನೀವು?"

"ನಾನು ಏನು?"

"ನೀವೂ ಬೇರೆ ದೇಶದವರಲ್ಲವಾ? ಅಲ್ಲಿಗೆ ನಿಮ್ಮ ಇಷ್ಟದಿಂದ ಬಂದಿರಾ? ನಿಮ್ಮನ್ನು ಯಾರು ಕೇಳಿದರು?"

ಅವಳು ಕೊಂಕಿನಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಳು. ಎರಡು ಸಾವಿರದ ಒಂಬತ್ತರಲ್ಲಿ ಇವರಿಗೆ ಇಲ್ಲಿ ಕೆಲಸ ಸಿಕ್ಕಿತು. ನಾನು ಆಫೀಸಿನಿಂದ ಮನೆಗೆ ಬಂದಾಗ ಸಿಹಿ ಹಂಚುತ್ತಿದ್ದರು. ಮಾವನವರು ದೇವರ ಮುಂದೆ ಟಿಕೆಟ್ಟು ಇಟ್ಟಿದ್ದರು. ವೀಸಾದ ಕಾಗದದಲ್ಲಿ 'ಜೊತೆಗೆ ಬರುವವರು' ಎಂಬ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದರು, ನಾನು ಸಹಿ ಮಾಡಿದೆ. ಮಾರನೆಯ ದಿನ ಕಾರ್ಖಾನೆಗೆ ಹೋಗಿ ಹನ್ನೆರಡು ವರ್ಷದ ಕೆಲಸಕ್ಕೆ ರಾಜೀನಾಮೆ ಬರೆದೆ. ಆಗ ನಾವಿದ್ದ ಆಕ್ಲೆಂಡಿನ ಬಾಟನಿ ಡೌನ್ಸ್‌ನ ಬಾಡಿಗೆ ಮನೆಯಲ್ಲಿ ಮೊದಲ ಚಳಿಗಾಲವೆಲ್ಲ ಒಬ್ಬಳೇ ಕೂತು ಅತ್ತೆ. ಎಷ್ಟೋ ಜನರನ್ನು ಕೇಳಿದ ಪ್ರಶ್ನೆ ಇದು. ನನ್ನನ್ನು ಯಾರೂ ಕೇಳಿರಲಿಲ್ಲ.

"ಇಲ್ಲ," ಅಂದೆ. "ಯಾರೂ ಕೇಳಲಿಲ್ಲ."

ಎಲ್ಸಿ ಅದನ್ನು ಹೇಳಿದಳು. ನನ್ನ ಪಕ್ಕದಲ್ಲಿ ನಮ್ಮನೆಯವರು ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಇಟ್ಟರು. ಅವರ ಮುಖ ಚಿಕ್ಕದಾಗಿತ್ತು.

"ಈಗ ಕೇಳ್ಲಾ?" ಅಂದರು, ಮೆಲ್ಲಗೆ, ಕನ್ನಡದಲ್ಲಿ.

"ಏನಂತೆ ಅವನು?" ಎಂದು ಅಲ್ಲಿಂದ ಮೇರಿಯನ್ ಕೂಗಿದಳು.

"ಇರು," ಅಂದೆ ಇಬ್ಬರಿಗೂ. ಮೊದಲು ಮೇರಿಯನ್‌ಳ ಹೆಸರಿನ ಮುಂದೆ 'ಹೌದು' ಎಂದು ಒತ್ತಿ, ಪಟ್ಟಿ ಕಳಿಸಿದೆ. ಆಮೇಲೆ ಇವರ ಕಡೆ ತಿರುಗಿದೆ. ಹೊರಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಕಿಟಕಿಯಲ್ಲಿ ನಾನು ಬೆಳೆಸಿದ ಕರಿಬೇವು ಇತ್ತು, ಫ್ರಿಜ್ಜಿನ ಮೇಲೆ ಹದಿನೇಳು ಹೆಂಗಸರ ಹುಟ್ಟುಹಬ್ಬದ ತಾರೀಖುಗಳನ್ನು ಅಂಟಿಸಿದ್ದೆ. ಹೂಂ, ಇದ್ದೀನಿ, ನನ್ನ ಇಷ್ಟದಿಂದ್ಲೇ ಇದ್ದೀನಿ, ಆದ್ರೆ ಕೇಳೋದಕ್ಕೆ ನಿಮಗೆ ಹದಿನಾರು ವರ್ಷ ಬೇಕಾಯ್ತಾ ಎಂದು ಊರಿನವರೆಲ್ಲರ ಎದುರಿಗೆ ಜಗಳ ತೆಗೆದೆ.